ಶನಿವಾರದ ಹೆಜ್ಜೆ

ಚಿಕಡೀ ಕೆನಡಾದ ಕಾಡಿನ ಪುಟ್ಟ ಹಕ್ಕಿ. ತಲೆಗೆ ಕಪ್ಪು ಟೋಪಿ, ನಮ್ಮ ಅಂಗೈಯಿಂದಲೇ ಕಾಳು ತಿನ್ನುವಷ್ಟು ಧೈರ್ಯ. ಅಪಾಯ ಕಂಡರೆ ತನ್ನ ಹೆಸರನ್ನೇ ಕೂಗುತ್ತದೆ: ಚಿಕಡೀ-ಡೀ-ಡೀ. ಅಪಾಯ ಹೆಚ್ಚಿದಷ್ಟೂ ಡೀ ಹೆಚ್ಚು. ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆಯಲ್ಲಿ ಕೂತು ಆ ಡೀಗಳನ್ನು ಎಣಿಸುವುದೇ ನನ್ನ ಪಿಎಚ್‌ಡಿ. ಇದನ್ನು ಅಮ್ಮನಿಗೆ ವಿವರಿಸುವ ಕಷ್ಟ ಯಾರಿಗೂ ಬೇಡ.

ಆ ಕಾಡಿನ ಮರಕ್ಕೆ ಕಟ್ಟಿದ ಮೈಕು ಹಗಲೂ ರಾತ್ರಿ ಇಲ್ಲಿಗೆ ನೇರವಾಗಿ ಸದ್ದು ಕಳಿಸುತ್ತದೆ. ಶನಿವಾರ ಬೆಳಗ್ಗೆ ಅಲ್ಲಿ ಕಾಳು ಹಾಕುವ ಕೆಲಸವನ್ನು, ಹತ್ತಿರದಲ್ಲೇ ಓದುತ್ತಿರುವ ತಮ್ಮ ತನ್ಮಯನಿಗೆ ಕೊಡಿಸಿದವಳು ನಾನೇ. ಮಹಾ ಸೋಮಾರಿ, ಆದರೂ ನಮ್ಮ ಹುಡುಗ. ರೆಕಾರ್ಡಿಂಗಿನಲ್ಲಿ ಮನುಷ್ಯರ ಸದ್ದು ಪ್ರೊಫೆಸರಿಗೆ ಆಗುವುದಿಲ್ಲ. ಅವನ ಮೇಲೆ ದೂರು ಬರಬಾರದೆಂದು, ತರಗೆಲೆ ತುಳಿಯುವ ಸದ್ದು ಶುರುವಾದೊಡನೆ ಮುಂದೆ ಕೇಳದೆ ಆ ತುಂಡನ್ನು ಕತ್ತರಿಸಿ ಎಸೆಯುತ್ತಿದ್ದೆ.

ಈ ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ಮೇಲೆ ಚಿಕಡೀಯ ಡಚ್ ದಾಯಾದಿ, ಕೋಲ್‌ಮೇಸ್ ಹಕ್ಕಿ, ಕುಣಿಯುತ್ತಿತ್ತು. ಕೆನಡಾದಲ್ಲಿ ಆಗ ಬೆಳಗ್ಗೆ. ಹೆಡ್‌ಫೋನಿನಲ್ಲಿ ಹೆಜ್ಜೆ ಕೇಳಿತು, ಹಿಂದೆಯೇ ಡೀಗಳು. ಎಣಿಸಿದೆ: ಹದಿನಾಲ್ಕು. ಗೂಬೆ ಬಂದಾಗಲೂ ಇಷ್ಟು ಕೂಗಿರಲಿಲ್ಲ.

ಕತ್ತರಿಸಿದ ತುಂಡುಗಳನ್ನು ಕಸದ ಫೋಲ್ಡರಿನಿಂದ ತೆಗೆದು, ಸರಸರನೆ ದಾಟಿಸುತ್ತ ಡೀಗಳನ್ನಷ್ಟೇ ಎಣಿಸಿದೆ. ಸೆಪ್ಟೆಂಬರಿನಲ್ಲಿ ಪ್ರತಿ ಶನಿವಾರ ಎರಡೇ ಡೀ. ಆಮೇಲಿನ ವಾರಗಳಲ್ಲಿ ಐದು, ಎಂಟು, ಹನ್ನೊಂದು. ತಮ್ಮನ ಹಿಂದೆ ಏನೋ ಬರುತ್ತಿದೆ ಅನ್ನಿಸಿತು. ಹೆಡ್‌ಫೋನನ್ನು ಮತ್ತೆ ಕಾಡಿನ ನೇರ ಸದ್ದಿಗೆ ತಿರುಗಿಸಿ, ಒಂದು ಕಿವಿಗೆ ಫೋನು ಹಿಡಿದೆ.

“ತನ್ಮಯ್, ಮರದ ಹತ್ರ ಇದೀಯಾ? ಹಿಂದೆ ತಿರುಗಿ ನೋಡು.”

“ಅಕ್ಕ, ಬೈಬೇಡ. ಕಾರ್ ಕೆಟ್ಟೋಗಿತ್ತು, ಮೂರು ವಾರದಿಂದ ಬಂದೇ ಇಲ್ಲ. ಇವತ್ತು ಬಂದಿದೀನಿ, ಪ್ರಾಮಿಸ್. ಇನ್ನೂ ಗೇಟಲ್ಲಿದೀನಿ.”

ಇನ್ನೊಂದು ಕಿವಿಯಲ್ಲಿ ಹೆಜ್ಜೆ ಮೈಕಿನ ಕೆಳಗೇ ಇತ್ತು. ಮೂರು ವಾರ ನಾನು ಯಾರ ಸದ್ದು ಅಳಿಸುತ್ತಿದ್ದೆ?

“ಒಳಗೆ ಹೋಗ್ಬೇಡ ಕಣೋ. ಕಾರಿಗೆ ವಾಪಸ್ ಹೋಗು.”

“ಕಾಳು ಹಾಕಿ ಬರ್ತೀನಿ. ಆಮೇಲೆ ಎಷ್ಟು ಬೇಕಾದ್ರೂ ಬೈ,” ಎಂದು ನಕ್ಕು ಫೋನು ಇಟ್ಟುಬಿಟ್ಟ. ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ.

ಹೆಡ್‌ಫೋನಿನಲ್ಲಿ ದೂರದ ಗೇಟು ಕಿರುಗುಟ್ಟಿತು. ಹಕ್ಕಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಮೈಕಿನ ಕೆಳಗಿದ್ದ ಹೆಜ್ಜೆ ಗೇಟಿನ ಕಡೆ ಹೊರಟಿತು, ಅತ್ತಲಿಂದ ಇನ್ನೊಂದು ಹೆಜ್ಜೆ ಬಂತು. ಎರಡೂ ಹತ್ತಿರವಾಗಿ ನಿಂತವು.

ಆಮೇಲೆ ಒಂದೇ ಹೆಜ್ಜೆ ಮೈಕಿನ ಕಡೆ ಬರತೊಡಗಿತು. ಅದು ತನ್ಮಯನದೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಅವನ ನಡಿಗೆಯನ್ನು ನಾನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.