ಶನಿವಾರದ ಇಪ್ಪತ್ತೆಂಟೂವರೆ ಗಂಟೆ

ಟೀವಿಯಲ್ಲಿ ಯಾರೋ ಮುದುಕ ದೋಣಿಯಲ್ಲಿ ಕೂತು ಗಾಳ ಹಾಕಿದ್ದ. ಕಿಯೋಹಾರು ಚಾನೆಲ್ಲುಗಳನ್ನೆಲ್ಲ ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದ. ನಸುಕಿನ ಚಳಿಯಲ್ಲಿ ಎದ್ದು ಬಂದಿದ್ದ ಬೀದಿಯ ಜನ ಅವನ ಪುಟ್ಟ ಕೋಣೆಯಲ್ಲಿ ಒತ್ತಿಕೊಂಡು ಕೂತಿದ್ದರು.

"ಫುಟ್‌ಬಾಲ್ ಎಲ್ಲಪ್ಪಾ?" ಎಂದ ಎದುರುಮನೆಯ ಕ್ಷೌರಿಕ ನಿಶಿವಾಕಿ. "ನಿನ್ನ ಮಗಳು ನೀರೊಳಗೆ ಆಡ್ತಾಳಾ?"

ಒಬ್ಬಳೇ ಮಗಳು ಚಿನತ್ಸು ಪುರಸಭೆಯ ಕೆಲಸ ಬಿಟ್ಟು ಫುಟ್‌ಬಾಲ್ ಆಡಲು ಸ್ಪೇನಿಗೆ ಹೋದ ದಿನ ಕಿಯೋಹಾರು ತನ್ನ ತೋಫು ಅಂಗಡಿಯಿಂದ ಹೊರಗೇ ಬಂದಿರಲಿಲ್ಲ. ಆಮೇಲೆ ಒಂದು ವರ್ಷ ಮಾತಿಲ್ಲ. ಹೆಂಡತಿ ಫುಮಿಎ ಮಗಳೊಂದಿಗೆ ಫೋನಿನಲ್ಲಿದ್ದರೆ ಇವನಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಆದರೆ ಮಗಳ ಮೊದಲ ಪಂದ್ಯ ಟೀವಿಯಲ್ಲಿ ಬರುತ್ತದೆಂದು ತಿಳಿದದ್ದೇ ತಡ, ಮನೆಮನೆಗೆ ಹೋಗಿ ಕರೆದವನೂ ಅವನೇ, ಫೋನಿನಲ್ಲಿ ಅಲಾರಾಂ ಇಟ್ಟವನೂ ಅವನೇ. ಒಳಗೊಳಗೇ ಅವಳು ಬೇಕಾಗಿದ್ದಳು. ಹಠ ಬಿಡಲು ದಾರಿ ಗೊತ್ತಿರಲಿಲ್ಲ.

ಫುಮಿಎ ಕನ್ನಡಕ ಏರಿಸಿ ಟೀವಿಯವರ ಪಟ್ಟಿ ನೋಡಿದಳು. "ರೀ, ಶನಿವಾರ ಇಪ್ಪತ್ತೆಂಟೂವರೆ ಅಂತಿದೆ."

"ಗೊತ್ತು. ಇಪ್ಪತ್ನಾಲ್ಕು ಕಳೆದೆ, ನಾಲ್ಕೂವರೆ ಬಂತು. ನಂಗೆ ಲೆಕ್ಕ ಬರಲ್ವಾ?"

"ಗಂಟೆ ಕಳೆದ್ರಿ, ಸರಿ. ದಿನ ಯಾರು ಕೂಡಿಸ್ತಾರೆ?"

ಟೀವಿಯವರ ದಿನ ನಡುರಾತ್ರಿಗೆ ಮುಗಿಯುವುದಿಲ್ಲ. ನಿದ್ದೆಗೆಟ್ಟು ನೋಡುವವರಿಗಾಗಿ ಇಪ್ಪತ್ತೈದು, ಇಪ್ಪತ್ತಾರು ಗಂಟೆ ಎಂದು ಎಣಿಸುತ್ತ ಶನಿವಾರವನ್ನೇ ಭಾನುವಾರದ ನಸುಕಿನವರೆಗೂ ಎಳೆಯುತ್ತಾರೆ. ಇದು ಇನ್ನೂ ಶನಿವಾರದ ನಸುಕು. ಪಂದ್ಯ ನಾಳೆ.

ಕೋಣೆಯೆಲ್ಲ ನಗು. ಕಿಯೋಹಾರುವಿನ ಕಿವಿ ಕೆಂಪಾಯಿತು.

"ಎದ್ದಿದ್ದಂತೂ ಆಯ್ತು," ಎಂದ ನಿಶಿವಾಕಿ. "ಅಲ್ಲಿ ಈಗ ಶುಕ್ರವಾರ ರಾತ್ರಿ. ಹುಡುಗಿ ಮಲಗಿರಲ್ಲ, ಮಾತಾಡ್ಸಿ."

ಹಿತ್ತಲಿಗೆ ಜಾರಿಕೊಳ್ಳಲು ಕಿಯೋಹಾರು ಎದ್ದ. ಬಾಗಿಲವರೆಗೂ ಜನ ಕೂತಿದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಫುಮಿಎ ಕರೆ ಮಾಡಿ, ಫೋನಿನಲ್ಲಿ ಚಿನತ್ಸುವಿನ ಮುಖ ಮೂಡಿತು.

"ಅಮ್ಮಾ, ಇಷ್ಟೊತ್ತಲ್ಲಿ? ಅಪ್ಪ ಹುಷಾರಾಗಿದ್ದಾರೆ ತಾನೇ?"

"ಹುಷಾರಾಗೇ ಇದ್ದಾರೆ. ನಿನ್ನ ಆಟ ನೋಡೋಕೆ ಒಂದು ದಿನ ಮುಂಚೆನೇ ಬೀದಿನೆಲ್ಲ ಎಬ್ಬಿಸಿದ್ದಾರೆ."

ಚಿನತ್ಸು ಫೋನಿನ ಹತ್ತಿರಕ್ಕೆ ಬಾಗಿದಳು. "ಅಪ್ಪಾನಾ?"

ಫೋನು ಕೈಯಿಂದ ಕೈಗೆ ದಾಟಿ ಅವನ ಕೈಗೆ ಬಂತು. ಮಗಳು ಸೊರಗಿದ್ದಳು, ಕೂದಲು ಮೋಟಾಗಿ ಕತ್ತರಿಸಿಕೊಂಡಿದ್ದಳು.

"ನಾಳೆ ಯಾವಾಗ ಅಂತ ನೀನೇ ಹೇಳ್ಬಿಡಮ್ಮ," ಎಂದ. "ಈ ಟೀವಿಯವರನ್ನ ನಂಬೋ ಹಾಗಿಲ್ಲ."

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. "ಭಾನುವಾರ ಬೆಳಗಿನ ಜಾವಪ್ಪ. ನಿದ್ದೆ ಕೆಡುತ್ತೆ, ಪರವಾಗಿಲ್ವಾ?"

"ನಂಗೆ ನಿದ್ದೆ ಎಲ್ಲಿದೆ?"

ನೆರೆಯವರು ಒಬ್ಬೊಬ್ಬರಾಗಿ ಎದ್ದು, ನಾಳೆ ಬರುತ್ತೇವೆಂದು ಚಪ್ಪಲಿ ಮೆಟ್ಟಿದರು. ಫುಮಿಎ ಫೋನಿಗೆ ಕೈಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯತ್ತ ತಿರುಗಿಕೊಂಡ.

"ಇರು," ಎಂದ, "ನಂದಿನ್ನೂ ಮುಗಿದಿಲ್ಲ."