ಉಪ್ಪು ಬಿಟ್ಟ ನಾಲ್ಕು ತಿಂಗಳು

ಹೆಬ್ಬೆರಳು ಅಲ್ಲಾಡಿತು, ಕಂಡೆ, ಮಲಗಿದ ಕೂಸು ನಿದ್ದೆಯಲ್ಲಿ ತುಟಿ ಅಲ್ಲಾಡಿಸುವಷ್ಟು, ನಾಲ್ಕು ತಿಂಗಳ ಮೇಲೆ ಇವರ ಬಲಗೈ ಅಲ್ಲಾಡಿತು, ಮಾದಪ್ಪಾ ಎಂದು ಕೈ ಮುಗಿದೆ, ನಿಮ್ಮ ಯಜಮಾನರು ಆಡಿಸಿದ್ದಲ್ಲಮ್ಮ, ಮಿಷನ್ನು ಆಡಿಸಿದ್ದು, ಎಂದರು ಡಾಕ್ಟರ್ ಚಂದನ — ಮಂಡ್ಯದ ಈ ತಣ್ಣನೆ ಕೋಣೆಯಲ್ಲಿ ಮೊಣಕೈಗೆ ವೈರು ಒತ್ತಿ ಸಣ್ಣ ಕರೆಂಟು ಬಿಡುತ್ತಾರೆ, ಬೆರಳು ಎಗರುತ್ತದೆ, ಪರದೆಯ ಮೇಲೆ ಗೆರೆಯೊಂದು ಗುಡ್ಡ ಹತ್ತಿ ಇಳಿಯುತ್ತದೆ, ಬೈಕು ನಾಲೆಗೆ ಉರುಳಿದ ದಿನದಿಂದ ತೋಳು ತೋಳಲ್ಲ, ನೇತುಹಾಕಿದ ಒದ್ದೆ ಟವಲ್ಲು, ಕೆರಗೋಡಿಗೆಲ್ಲ ನೀರುಗಂಟಿ ಕೆಂಪಸಿದ್ದಯ್ಯ, ನನಗೆ ಇವರು, ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಟ್ಟ ಕೈ, ಮದುವೆಯ ಹೊಸದರಲ್ಲಿ ಬದುವಿನ ಮೇಲೆ ಮುಂದೆ ನಡೆಯುತ್ತ ತಿರುಗಿಯೂ ನೋಡದೆ ಹಿಂದಕ್ಕೆ ಚಾಚುತ್ತಿದ್ದ ಕೈ, ಹಿಡಿದರೆ ಒಮ್ಮೆ ಒತ್ತುತ್ತಿತ್ತು, ಅಷ್ಟೇ, ಆ ಒಂದು ಒತ್ತು ಸಾಕೆಂದು ತಾನೇ ಮಾದಪ್ಪನಿಗೆ ಹರಕೆ ಹೊತ್ತೆ, ಕೈ ಬರುವ ತನಕ ಉಪ್ಪು ಮುಟ್ಟೆನೆಂದು, ನಿಂಗಿಲ್ದಿರೋ ಉಪ್ಪು ನಂಗ್ಯಾಕಮ್ಮಿ ಎಂದು ಇವರೂ ಬಿಟ್ಟರು, ಸಪ್ಪೆ ಸಾರು, ಸಪ್ಪೆ ಮುದ್ದೆ, ಮುಖ ನೋಡಿಕೊಂಡು ನುಂಗಿದೆವು — ಮಿಷನ್ನಿಲ್ಲದೆ ಕೈ ಆಡಿಸೋ ಒಳಗಿನ ಕರೆಂಟು ಎಲ್ಲಿಂದ ಹುಟ್ಟುತ್ತೆ ತಾಯಿ ಎಂದು ಡಾಕ್ಟರನ್ನು ಕೇಳಿದೆ, ಉಪ್ಪಿನಿಂದ, ಎಂದರು, ನರದ ಹೊರಗೆ ಉಪ್ಪಿನಂಶ ಜಾಸ್ತಿ, ಒಳಗೆ ಕಮ್ಮಿ, ಮಿದುಳಿನಿಂದ ಸುದ್ದಿ ಬಂದಾಗ ನರದ ಗೋಡೆಯ ಸಣ್ಣ ಬಾಗಿಲು ತೆರೆದು ಅದು ಒಳಗೆ ನುಗ್ಗುತ್ತದೆ, ಅದೇ ಕರೆಂಟು, ಅದು ಪಕ್ಕದ ಬಾಗಿಲು ತೆರೆಸುತ್ತದೆ, ಆ ಬಾಗಿಲು ಅದರ ಪಕ್ಕದ್ದನ್ನು, ಅಂಗನ್ನಿ ಮತ್ತೆ, ನಮ್ ತೂಬಿನಂಗೆ, ಎಂದು ಇವರು ನಕ್ಕರು, ನನಗೆ ನಗು ಬರಲಿಲ್ಲ, ಹಾಗಾದರೆ ನಾಲ್ಕು ತಿಂಗಳು ಆ ಬಾಗಿಲಿಗೆ ಅಡ್ಡ ನಿಂತವಳು ನಾನೇ —

ಹರಕೆಯ ವಿಷಯ ಹೇಳಿಬಿಟ್ಟೆ, ಡಾಕ್ಟರು ಬೈಯಲಿಲ್ಲ, ಹರಕೆಯಿಂದ ಕೈ ನಿಂತಿಲ್ಲಮ್ಮ, ಪೆಟ್ಟಾದ ನರದಲ್ಲಿ ಒಂದೆರಡು ಎಳೆ ಉಳಿದಿವೆ, ಹರಿದ ಎಳೆ ದಿನಕ್ಕೊಂದು ರಾಗಿಕಾಳಿನಷ್ಟು ಬೆಳೆಯುತ್ತೆ, ಭುಜದಿಂದ ಬೆರಳಿಗೆ ಬರಬೇಕು, ಬರಬಹುದು, ಉಪ್ಪು ಮಾತ್ರ ತಿನ್ನಿ, ಎಂದರು, ಬರಬಹುದು, ಬರುತ್ತದೆ ಎನ್ನಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿಯವಳ ಹತ್ತಿರ ಚಿಟಿಕೆ ಉಪ್ಪು ಕೇಳಿದೆ, ಬರೀ ಉಪ್ಪಾ, ಸೌತೇಕಾಯಿ ಯಾರ್ಗವ್ವ ಬುಟ್ಟೋಯ್ತೀಯ ಎಂದಳು, ಮಾದಪ್ಪ, ಹರಕೆ ಮುರಿದದ್ದಕ್ಕೆ ತಪ್ಪುಕಾಣಿಕೆ ಕಟ್ಟುತ್ತೇನೆ, ನರದ ಬಾಗಿಲಿಗೆ ಉಪ್ಪನ್ನು ಇಟ್ಟವನೂ ನೀನೇ ಅಲ್ಲವೆ, ಇವರ ಬಲಗೈ ಎತ್ತಿ ಮಡಿಲಲ್ಲಿಟ್ಟು ಅಂಗೈಗೆ ಉಪ್ಪು ಸುರಿದೆ, ಬಿದ್ದದ್ದು ತಿಳೀತಾ ಎಂದೆ, ಇಲ್ಲ ಕಣಮ್ಮಿ, ನೀ ತಿನ್ನು, ನಾನೂ ತಿಂತೀನಿ, ಎಂದರು, ನೋಡುವವರು ನೋಡಲಿ, ಬಗ್ಗಿ ಆ ಅಂಗೈಗೆ ತುಟಿ ಇಟ್ಟೆ, ಉಪ್ಪು, ಕಣ್ಣಿಗೂ ಬಂತು ಉಪ್ಪು, ಬೆರಳುಗಳು ನನ್ನ ಕೆನ್ನೆಯ ಹತ್ತಿರವೇ ಇವೆ, ಒಂದು ಮಡಚಿದರೆ ಸಾಕು, ಅಂಗೈಯ ಗೆರೆಯಲ್ಲಿ ಒಂದು ಹರಳು ಉಳಿದಿದೆ, ಬಸ್ಸು ಬಂತು, ನಾನು ಏಳಲಿಲ್ಲ, ಬಿಚ್ಚಿದ ಅಂಗೈ, ಒಂದು ಹರಳು, ಬಿಚ್ಚಿದ ಅಂಗೈ