ಒಪ್ಪಿಗೆ ಒತ್ತಿದ ನಂಜಣ್ಣ

ಪಕ್ಕದ ಹೊಲದ ನಂಜಣ್ಣ ತನ್ನ ತಂಬಾಕು ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿ ಒಂದು ಹಗಲೂ ಕಳೆದಿರಲಿಲ್ಲ, ಫೋನು ಹಿಡಿದುಕೊಂಡು ನಮ್ಮ ಜಗಲಿಗೆ ಓಡಿಬಂದ.

"ದೊಡ್ಡವ್ವಾ, ರಮ್ಯ ಎಲ್ಲವ್ಳೆ? ಇದು ಕೂಗ್ತಾನೇ ಇಲ್ಲ!"

ರಮ್ಯ ನನ್ನ ಮೊಮ್ಮಗಳು. ತಂಬಾಕು ಹದ ಮಾಡುವ ಬ್ಯಾರನ್ನಿನೊಳಗೆ ಶಾಖ ಏರಿದರೆ ಫೋನಿನಲ್ಲಿ ಕೂಗುವ ಪ್ರೋಗ್ರಾಂ ಬರೆದು ಊರಿಗೆಲ್ಲ ಕೊಟ್ಟವಳು ಅವಳೇ. ಅದು ನಡೆಯುತ್ತಿದ್ದುದು ಯಾವುದೋ ಕಂಪನಿ ಮಾಡಿಟ್ಟ, ಇಂಥ ಪ್ರೋಗ್ರಾಂಗಳಿಗೆ ಬುನಾದಿಯಂತಿದ್ದ ಪ್ಲಾಟ್‌ಫಾರ್ಮ್ ಮೇಲೆ. ಯಾರು ಬೇಕಾದರೂ ತಗೊಳ್ಳಿ, ತಿದ್ದಿಕೊಳ್ಳಿ, ಹಂಚಿ ಎಂದು ಬರೆದುಕೊಟ್ಟಿದ್ದ ಕಂಪನಿ ಈಗ ಮಾತು ಬದಲಿಸಿತ್ತು. ಹೊಸದಕ್ಕೆ ಲೈಸೆನ್ಸ್ ಬೇಕು, ಹಂಚುವ ಹಾಗಿಲ್ಲ. ಫೋನು ಏನು ಕೇಳಿದರೂ ಒತ್ತಬೇಡಿ, ಒತ್ತಿದರೆ ಹೊಸದು ಬಂದು ಕೂತು ಕೂಗು ನಿಲ್ಲುತ್ತದೆ ಎಂದು ರಮ್ಯ ಮನೆಮನೆಗೂ ಹೇಳಿಬಂದಿದ್ದಳು.

ಈಗ ಹೊರಗೆ ಬಂದವಳು ನಂಜಣ್ಣನ ಫೋನು ನೋಡಿ ಹಣೆ ಚಚ್ಚಿಕೊಂಡಳು. "ಮಾವ, ಒಪ್ಪಿಗೆ ಅಂತ ಒತ್ತುಬುಟ್ರಾ?"

"ದಿನಾ ಬಂದು ಕೇಳ್ತಿತ್ತು ಕಣವ್ವ. ಬಾಗ್ಲಿಗೆ ಬಂದೋರ್ನ ಎಷ್ಟು ಸಲ ಅಂಗೇ ಕಳ್ಸದು? ಆಮೇಲೆ ಆಮೇಲೆ ಅಂದು ಅಂದು ನಂಗೇ ನಾಚ್ಕೆ ಆಯ್ತು."

"ಅದೇನು ಮನುಸ್ಯನಾ ಮಾವ?"

"ಕಳ್ಸಿದೋನು ಮನುಸ್ಯನೇ ಅಲ್ವಾ?"

ನನಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಎಲೆ ಹಳದಿಗೆ ತಿರುಗುವ ಹೊತ್ತು. ಈಗ ಶಾಖ ಏರಿದರೆ ಸೊಪ್ಪೆಲ್ಲ ಕಪ್ಪು. ಪಿರಿಯಾಪಟ್ಟಣದ ಹರಾಜಿನಲ್ಲಿ ಅಂಥದ್ದನ್ನು ಯಾರೂ ಮೂಸಿಯೂ ನೋಡುವುದಿಲ್ಲ.

"ಬ್ಯಾರನ್ ತಾವ ಯಾರವ್ರೆ?" ಎಂದೆ.

"ನಮ್ಮನೆಯೋಳು ಪುಷ್ಪ ಅವ್ಳೆ. ರಾತ್ರಿಯೆಲ್ಲಾ ಎಲೆ ಕಟ್ಟವ್ಳೆ, ಎಷ್ಟೊತ್ತು ಕಣ್ಣು ಬುಟ್ಕೊಂಡಿರ್ತಾಳೆ?"

ರಮ್ಯ ಒಳಗಿನಿಂದ ಕಂಪ್ಯೂಟರ್ ತಂದು ಕೂತಳು. ಎದ್ದಳು. ಮತ್ತೆ ಕೂತಳು.

"ಹಳೇದು ನನ್ನತ್ರ ಐತೆ ಅಜ್ಜಿ. ಅದಕ್ಕೆ ಕೊಟ್ಟ ಮಾತು ಕೊಟ್ಟಂಗೇ, ವಾಪಸ್ ತಗಳಂಗಿಲ್ಲ ಅವ್ರು. ಆದ್ರೆ ನಾಳೆ ಕೆಟ್ರೆ ಕಂಪ್ನಿ ಸರಿ ಮಾಡಲ್ಲ. ನಾನೇ ಮಾಡ್ಬೇಕು, ಊರೋರ್ದೆಲ್ಲಾ."

"ಒಬ್ಳೇನಾ?"

"ಹಳೇದನ್ನೇ ನಡಸ್ತೀವಿ ಅಂತ ಒಂದಷ್ಟು ಜನ ಸೇರವ್ರೆ, ಯಾವ್ಯಾವ್ದೋ ದೇಸದೋರು. ನಾನೂ ನೋಡ್ಕೊಳ್ತೀನಿ ಅಂತ ಹೆಸ್ರು ಕೊಡ್ಬೇಕು. ಕೊಟ್ಟ ಮೇಲೆ ತಪ್ಪಿಸ್ಕಳಂಗಿಲ್ಲ."

"ಅದು ಆಮೇಲೆ ನೋಡವ್ವ, ಮೊದ್ಲು ಇದ್ನ ಕೂಗ್ಸು!" ನಂಜಣ್ಣ ಅಂಗಳದಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಹಳೆಯದು ಫೋನಿಗೆ ಇಳಿಯಿತು. ಇಳಿದದ್ದೇ ತಡ, ಕೂಗಿಕೊಂಡಿತು. ಶಾಖ ಆಗಲೇ ಏರಿತ್ತು.

ನಂಜಣ್ಣ ಫೋನು ಕಸಿದುಕೊಂಡು, ಪಂಚೆ ಎತ್ತಿಕಟ್ಟಿ ಓಡಿದ. "ಪುಷ್ಪಾ! ಏಳೇ! ಸೌದೆ ಎಳಿಯೇ!" ಕೂಗೂ ಅವನ ಜೊತೆಗೇ ಬೇಲಿ ದಾಟಿ ಹೋಯಿತು. ರಮ್ಯ ಉಗುರು ಕಚ್ಚುತ್ತಾ ನಿಂತಳು. ನಾನು ಸೆರಗಿನ ತುದಿಯನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

ಕೂಗು ನಿಂತಿತು.

"ಉಳೀತು ಕಣ್ರವ್ವಾ!" ಅತ್ತ ಕಡೆಯಿಂದ ದನಿ ಬಂತು.

ರಮ್ಯ ಕಂಪ್ಯೂಟರ್ ಮುಂದೆ ಕೂತು, ಆ ಜನರ ಪಟ್ಟಿಗೆ ತನ್ನ ಹೆಸರು, ಊರಿನ ಹೆಸರು ಒತ್ತಿದಳು.

"ಕೊಟ್ಟೆ ಅಜ್ಜಿ."

ಅಷ್ಟರಲ್ಲಿ ಬೇಲಿಯ ಆಚೆಯಿಂದ ಮತ್ತೆ ನಂಜಣ್ಣ. "ರಮ್ಯವ್ವಾ! ಇದು ಇನ್ನೇನೋ ಕೇಳ್ತಾ ಐತೆ!"

ಅಜ್ಜಿ, ಮೊಮ್ಮಗಳು ಇಬ್ಬರೂ ಒಟ್ಟಿಗೇ ಕಿರುಚಿದೆವು.

"ಒತ್ಬ್ಯಾಡಾ!"